ಭೂಪಟ ಪಕ್ಕದಲ್ಲಿಟ್ಟುಕೊಂಡು ನೋಡಿದ ಪ್ರಾಣಿ ಚಿತ್ರಗಳು

1994ರ ‘ದಿ ಲಯನ್ ಕಿಂಗ್’ ಚಿತ್ರದ ಮೊದಲ ಹಾಡಿನಲ್ಲಿ ಒಂದು ಪುಟ್ಟ ದೃಶ್ಯವಿದೆ. ಕೊಂಬೆಯೊಂದರ ಮೇಲೆ ಇರುವೆಗಳು ಸಾಲುಗಟ್ಟಿ, ತಮಗಿಂತ ದೊಡ್ಡದಾದ ಹಸಿರು ಎಲೆಯ ತುಣುಕುಗಳನ್ನು ಎತ್ತಿ ಹಿಡಿದು ಸಾಗುತ್ತಿರುತ್ತವೆ. ಮರುಕ್ಷಣ ಇರುವೆಗಳು ಮಸುಕಾಗಿ, ಅವುಗಳ ಹಿಂದೆ ಬಯಲಿನಲ್ಲಿ ಓಡುತ್ತಿರುವ ಜೀಬ್ರಾಗಳ ಹಿಂಡು ನಿಚ್ಚಳವಾಗುತ್ತದೆ. ಕೈಯಿಂದ ಬರೆದ ಚಿತ್ರದಲ್ಲಿ ಇಂಥದೊಂದು ಬದಲಾವಣೆಯನ್ನು ತಂದ ಕಲಾವಿದರ ಕೌಶಲವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಎಲೆಗಳನ್ನು ಕತ್ತರಿಸಿ ಗೂಡಿಗೆ ಸಾಗಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುವ ಆ ಇರುವೆಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಆಫ್ರಿಕಾದ ಯಾವ ಜೀಬ್ರಾವೂ ಅವುಗಳನ್ನು ಕಂಡಿಲ್ಲ.

ಈ ದೃಶ್ಯದಿಂದಲೇ ನನ್ನ ಈ ಬರಹ ಹುಟ್ಟಿತು. ಒಂಬತ್ತು ವರ್ಷದ ಮಗಳೊಂದಿಗೆ ಪ್ರಾಣಿ ಪಾತ್ರಗಳಿರುವ ಹಲವು ಅನಿಮೇಷನ್ ಚಿತ್ರಗಳನ್ನು ಮತ್ತೆ ನೋಡಿದೆ. ಪ್ರತಿ ಸಲವೂ ಭೂಪಟದ ಪುಸ್ತಕ ತೊಡೆಯ ಮೇಲಿತ್ತು. ಹಾಡು, ಬಣ್ಣ, ಕಥೆಯ ಓಟ ಇವುಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಬಂದಿರುವುದರಿಂದ ನಾನು ಅವುಗಳಿಗೆ ಹೋಗುವುದಿಲ್ಲ. ಕಥೆ ಎಲ್ಲಿ ನಡೆಯುತ್ತದೆಂದು ಚಿತ್ರ ಹೇಳುತ್ತದೆಯೋ ಆ ನೆಲಕ್ಕೂ, ಅಲ್ಲಿ ಅದು ತೋರಿಸುವ ಪ್ರಾಣಿಗಳಿಗೂ ನಿಜವಾದ ಸಂಬಂಧವಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಇಲ್ಲಿ ಕೈಗೆತ್ತಿಕೊಂಡಿದ್ದೇನೆ.

ಪ್ರಾಣಿಗಳು ಮಾತನಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಪಂಚತಂತ್ರದ ನರಿ, ಕಾಗೆ, ಮೊಸಳೆಗಳು ಮಾತನಾಡುತ್ತಲೇ ಬಂದಿವೆ. ಅದನ್ನು ಕೇಳಿ ಬೆಳೆದ ಯಾವ ಮಗುವೂ ನರಿಗೆ ಮಾತು ಬರುತ್ತದೆಂದು ನಂಬಿ ಮೋಸಹೋಗಿಲ್ಲ. ಸಿಂಹ ಹಾಡುತ್ತದೆ ಎನ್ನುವುದು ಎಲ್ಲರಿಗೂ ತಿಳಿದೇ ಆಡುವ ಕಟ್ಟುಕಥೆ. ಆದರೆ ಹಾಡುವ ಸಿಂಹದ ಪಕ್ಕದಲ್ಲಿ ಯಾವ ಮರ ನಿಂತಿದೆ, ಯಾವ ಕೋತಿ ಕೂತಿದೆ ಎಂಬುದನ್ನು ಮಗು ಕಟ್ಟುಕಥೆ ಎಂದು ತಿಳಿಯುವುದಿಲ್ಲ. ಅದನ್ನು ಲೋಕಜ್ಞಾನವೆಂದೇ ಮನಸ್ಸಿಗೆ ಇಳಿಸಿಕೊಳ್ಳುತ್ತದೆ. ಹಳೆಯ ಕಥೆಗಾರನಿಗೂ ಅವನ ಕೇಳುಗರಿಗೂ ನೆಲ ಒಂದೇ ಆಗಿತ್ತು, ಆದ್ದರಿಂದ ಇಲ್ಲದ ಪ್ರಾಣಿಯನ್ನು ತಂದು ನಿಲ್ಲಿಸಿದರೆ ಅಲ್ಲೇ ಯಾರಾದರೂ ತಡೆದು ಕೇಳುತ್ತಿದ್ದರು. ಸಾವಿರಾರು ಮೈಲಿ ದೂರದ ಸ್ಟುಡಿಯೋದಲ್ಲಿ ತಯಾರಾಗಿ ಜಗತ್ತಿನ ಎಲ್ಲ ಮನೆಗಳಿಗೂ ತಲುಪುವ ಚಿತ್ರವನ್ನು ಹಾಗೆ ತಡೆದು ಕೇಳುವವರಿಲ್ಲ.

‘ದಿ ಲಯನ್ ಕಿಂಗ್’ಗೇ ಮರಳುತ್ತೇನೆ. ಈ ಚಿತ್ರದ ನೆಲ ಪೂರ್ವ ಆಫ್ರಿಕಾದ್ದು ಎನ್ನುವುದರಲ್ಲಿ ಅನುಮಾನವಿಲ್ಲ. ತಯಾರಿಯ ಕಾಲದಲ್ಲಿ ಕಲಾವಿದರ ತಂಡ ಕೀನ್ಯಾದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದಿತ್ತು. ಹಲವು ಪಾತ್ರಗಳ ಹೆಸರುಗಳು ಅಲ್ಲಿನ ಸ್ವಾಹಿಲಿ ಭಾಷೆಯವು. ಸಿಂಬಾ ಎಂದರೆ ಸಿಂಹ, ರಫೀಕಿ ಎಂದರೆ ಗೆಳೆಯ. ಸಿಂಹಗಳು ಬಂಡೆಯೇರಿ ಕೂರುವುದೂ ನಿಜವೇ. ಸೆರೆಂಗೆಟಿಯ ಬಯಲಿನಲ್ಲಿ ಹುಲ್ಲಿನ ನಡುವೆ ದ್ವೀಪಗಳಂತೆ ಎದ್ದು ನಿಂತ ಕಲ್ಲುಗುಡ್ಡೆಗಳ ಮೇಲೆ ಸಿಂಹಿಣಿಗಳು ಮರಿಗಳೊಂದಿಗೆ ಮಲಗಿರುತ್ತವೆ. ರಾಜನ ಸೇವೆಯಲ್ಲಿರುವ ಕೆಂಪು ಕೊಕ್ಕಿನ ಮಂಗಟ್ಟೆ ಹಕ್ಕಿಯೂ, ಕೋರೆಹಲ್ಲಿನ ವಾರ್ಟ್‌ಹಾಗ್ ಹಂದಿಯೂ ಆ ಹುಲ್ಲುಗಾವಲಿನ ಹಳೆಯ ನಿವಾಸಿಗಳೇ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ.

ತೊಡಕು ಶುರುವಾಗುವುದು ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಗಳಿಸಿದ ಎರಡು ಪಾತ್ರಗಳಿಂದ. ಮೂಗಿನ ಮೇಲೆ ಕೆಂಪು, ಕೆನ್ನೆಯ ಮೇಲೆ ನೀಲಿ ಏಣುಗಳಿರುವ ರಫೀಕಿಯ ಮುಖ ಮ್ಯಾಂಡ್ರಿಲ್ ಎಂಬ ದೊಡ್ಡ ಕೋತಿಯದು. ಮ್ಯಾಂಡ್ರಿಲ್‌ಗಳು ವಾಸಿಸುವುದು ಖಂಡದ ಇನ್ನೊಂದು ಪಕ್ಕದಲ್ಲಿ, ಕ್ಯಾಮರೂನ್, ಗ್ಯಾಬನ್, ಇಕ್ವಟೋರಿಯಲ್ ಗಿನಿಗಳ ದಟ್ಟ ಮಳೆಕಾಡಿನ ನೆರಳಿನಲ್ಲಿ. ಜೊತೆಗೆ ಮ್ಯಾಂಡ್ರಿಲ್‌ನ ಬಾಲ ಬೆರಳುದ್ದದ ಮೋಟು. ಚಿತ್ರದಲ್ಲಿ ಮಾತ್ರ ಬಬೂನ್‌ಗಿರುವಂತೆ ಉದ್ದನೆಯ ಬಾಲವಿದೆ. ಪೂರ್ವ ಆಫ್ರಿಕಾದ ಬಯಲಿನಲ್ಲಿ ಬಬೂನ್‌ಗಳಿಗೆ ಕೊರತೆಯೇ ಇಲ್ಲ. ಬಬೂನ್‌ನ ಮುಖವನ್ನೇ ಬರೆದಿದ್ದರೆ ಕಥೆಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ಇನ್ನೊಂದು ಪಾತ್ರವಾದ ಟಿಮೋನ್ ಒಂದು ಮೀರ್‌ಕ್ಯಾಟ್, ಮುಂಗುಸಿಯ ಬಳಗದ ಪುಟ್ಟ ಜೀವಿ. ಅದು ದಕ್ಷಿಣದ ಒಣಭೂಮಿಯ ಪ್ರಾಣಿ. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಹರಡಿರುವ ಕಲಹಾರಿ ಮತ್ತು ಅದರ ಆಸುಪಾಸು ಅದರ ಮನೆ. ಚಿತ್ರ ಮುಗಿದ ಮೇಲೆ ನನ್ನ ಮಗಳು, “ಅಮ್ಮಾ, ಮೀರ್‌ಕ್ಯಾಟ್ ನೋಡಬೇಕಾದ್ರೆ ಕೀನ್ಯಾಕ್ಕೇ ಹೋಗ್ಬೇಕಲ್ವಾ?” ಎಂದು ಕೇಳಿದಳು. ಸಿಂಹ ಮಾತನಾಡುತ್ತದೆಯೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಸ್ಥಳದ ತಪ್ಪಿಗಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಕತ್ತೆಕಿರುಬಗಳ ಚಿತ್ರಣ. ಚಿತ್ರದಲ್ಲಿ ಅವು ಸಿಂಹ ಬಿಟ್ಟದ್ದನ್ನು ನೆಕ್ಕಿ ಬದುಕುವ, ಕತ್ತಲೆಯ ಮೂಲೆಗೆ ತಳ್ಳಲ್ಪಟ್ಟ ಹೇಡಿಗಳು. 1960ರ ದಶಕದಲ್ಲಿ ಟಾಂಜಾನಿಯಾದ ಗೊರೊಂಗೊರೊ ಕುಳಿಯಲ್ಲಿ ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ ರಾತ್ರಿಗಳಲ್ಲಿ ಅವುಗಳ ಬೆನ್ನುಹತ್ತಿ ನೋಡಿದಾಗ ಕಂಡದ್ದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಸಂಗತಿ. ಅಲ್ಲಿನ ಚುಕ್ಕೆ ಕತ್ತೆಕಿರುಬಗಳು ತಮ್ಮ ಆಹಾರದ ಬಹುಪಾಲನ್ನು ತಾವೇ ಬೇಟೆಯಾಡಿ ಗಳಿಸುತ್ತಿದ್ದವು, ಬೆಳಗಾಗುವಷ್ಟರಲ್ಲಿ ಸಿಂಹಗಳು ಬಂದು ಅದನ್ನು ಕಿತ್ತುಕೊಳ್ಳುತ್ತಿದ್ದವು. ಹಗಲು ಬಂದ ಪ್ರವಾಸಿಗರಿಗೆ ಕಾಣುತ್ತಿದ್ದುದು ತಿನ್ನುತ್ತಿರುವ ಸಿಂಹ ಮತ್ತು ದೂರದಲ್ಲಿ ಕಾಯುತ್ತಿರುವ ಕತ್ತೆಕಿರುಬ ಮಾತ್ರ. ಅಪಖ್ಯಾತಿ ಹುಟ್ಟಿದ್ದು ಹೀಗೆ. ಒಂದು ವಿಷಯದಲ್ಲಿ ಮಾತ್ರ ಚಿತ್ರ ಸತ್ಯಕ್ಕೆ ಹತ್ತಿರ ಬಂದಿದೆ: ಅದರ ಕತ್ತೆಕಿರುಬಗಳ ಮುಂದಾಳು ಹೆಣ್ಣು. ನಿಜದಲ್ಲೂ ಆ ಬಳಗಗಳಲ್ಲಿ ಹೆಣ್ಣಿನದೇ ಆಳ್ವಿಕೆ, ತಾಯಿಯ ಸ್ಥಾನವೇ ಮರಿಗೆ ದಕ್ಕುತ್ತದೆ. ವಂಶಪಾರಂಪರ್ಯದ ಸಿಂಹಾಸನದ ಕಥೆ ಬೇಕಿದ್ದವರು ಕತ್ತೆಕಿರುಬಗಳನ್ನೇ ನಾಯಕರನ್ನಾಗಿ ಮಾಡಬಹುದಿತ್ತು, ಏಕೆಂದರೆ ಗಂಡು ಸಿಂಹದ ಮರಿ ಎರಡು ಮೂರು ವರ್ಷವಾಗುತ್ತಲೇ ಹುಟ್ಟಿದ ಬಳಗವನ್ನು ಬಿಟ್ಟು ಹೋಗುತ್ತದೆ. ಮುಂದೆ ಅದು ಒಡೆಯನಾಗುವುದು ಬೇರೊಂದು ಬಳಗಕ್ಕೆ.

2019ರಲ್ಲಿ ಜಾನ್ ಫಾವ್ರೋ ನಿರ್ದೇಶನದಲ್ಲಿ ಇದೇ ಕಥೆ ಕಂಪ್ಯೂಟರ್ ಚಿತ್ರಣದಲ್ಲಿ ಮತ್ತೆ ಬಂತು. ಅದರಲ್ಲಿ ಒಂದೊಂದು ಕೂದಲೂ, ಹುಲ್ಲಿನ ಎಸಳೂ ವನ್ಯಜೀವಿ ಸಾಕ್ಷ್ಯಚಿತ್ರದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಇಲ್ಲಿ ತಪ್ಪಿನ ತೂಕ ಹೆಚ್ಚಾಯಿತು. ಕೈಯಿಂದ ಬರೆದ ಕೋತಿಯನ್ನು ಕಲಾವಿದನ ಕಲ್ಪನೆ ಎಂದಾದರೂ ಹೇಳಬಹುದು. ಕ್ಯಾಮೆರಾ ಹಿಡಿದು ತೆಗೆದಂತೆ ಕಾಣುವ ಮ್ಯಾಂಡ್ರಿಲ್ ಒಂದು ಸವನ್ನಾ ಬಯಲಿನಲ್ಲಿ ನಡೆದುಬಂದರೆ ಅದು ಪುರಾವೆಯಂತೆ ಕಾಣುತ್ತದೆ. ಇದೇ ನಿರ್ದೇಶಕರು ಮೂರು ವರ್ಷ ಹಿಂದೆ ಇಂಥದೇ ಒಂದು ತಪ್ಪನ್ನು ತಿದ್ದಲು ಶ್ರಮಪಟ್ಟಿದ್ದರು ಎನ್ನುವುದು ನೆನಪಾದಾಗ ಈ ಬೇಸರ ಇನ್ನೂ ಹೆಚ್ಚಾಗುತ್ತದೆ.

ಆ ಹಿಂದಿನ ಚಿತ್ರ ‘ದಿ ಜಂಗಲ್ ಬುಕ್’. ಕಿಪ್ಲಿಂಗ್ ಬರೆದ ಮೂಲ ಕಥೆ ಮಧ್ಯಪ್ರದೇಶದ ಸಿವನಿ ಬೆಟ್ಟಗಳಲ್ಲಿ, ವೈನ್‌ಗಂಗಾ ನದಿಯ ಸುತ್ತ ನಡೆಯುವಂಥದು. ಅಲ್ಲಿನ ಕೋತಿಗಳಿಗೆ ರಾಜನೇ ಇಲ್ಲ. ರಾಜನಿಲ್ಲದಿರುವುದೇ ಆ ಕೋತಿಗಳ ಗುಣ. 1967ರ ಅನಿಮೇಷನ್ ಚಿತ್ರ ಅವುಗಳಿಗೊಬ್ಬ ರಾಜನನ್ನು ಕೊಟ್ಟಿತು, ಅವನನ್ನು ಒರಾಂಗುಟಾನ್ ಮಾಡಿತು. ಒರಾಂಗುಟಾನ್ ಇರುವುದು ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿ. 2016ರ ಚಿತ್ರ ಭಾರತದಲ್ಲಿ ಒರಾಂಗುಟಾನ್ ಇಲ್ಲವೆಂಬುದನ್ನು ಒಪ್ಪಿಕೊಂಡು, ಆ ಪಾತ್ರವನ್ನು ಜೈಗ್ಯಾಂಟೊಪಿಥೆಕಸ್ ಎಂಬ ಅಳಿದುಹೋದ ದೈತ್ಯ ವಾನರವನ್ನಾಗಿ ಬದಲಿಸಿತು. ಆ ವಾನರದ ಹಲ್ಲು ಮತ್ತು ದವಡೆಯ ಮೂಳೆಗಳಷ್ಟೇ ಇದುವರೆಗೆ ಸಿಕ್ಕಿವೆ. ಬಹುಪಾಲು ದಕ್ಷಿಣ ಚೀನಾದ ಗುಹೆಗಳಲ್ಲಿ. ಅದು ಎರಡು ಲಕ್ಷ ವರ್ಷಗಳಿಗೂ ಹಿಂದೆ ಕಣ್ಮರೆಯಾದ ಪ್ರಾಣಿ. ಹೀಗಾಗಿ ದೇಶದ ತಪ್ಪನ್ನು ಕಾಲದ ತಪ್ಪಿನಿಂದ ತಿದ್ದಿದಂತಾಯಿತು. ಆದರೂ ಯಾರೋ ಒಬ್ಬರು ಕೂತು ‘ಈ ಪ್ರಾಣಿ ಇಲ್ಲಿ ಇದೆಯೇ’ ಎಂದು ಕೇಳಿಕೊಂಡರಲ್ಲ, ಆ ಕಾಳಜಿಗೆ ನಾನು ಬೆಲೆ ಕೊಡುತ್ತೇನೆ.

2005ರ ‘ಮಡಗಾಸ್ಕರ್’ ನನ್ನ ಈ ಪರೀಕ್ಷೆಯಲ್ಲಿ ನಿರೀಕ್ಷೆ ಮೀರಿ ಗೆದ್ದ ಚಿತ್ರ. ನ್ಯೂಯಾರ್ಕ್ ಮೃಗಾಲಯದ ಸಿಂಹ, ಜೀಬ್ರಾ, ಜಿರಾಫೆ, ನೀರಾನೆಗಳನ್ನು ಹಡಗಿನಲ್ಲಿ ಕೀನ್ಯಾಕ್ಕೆ ಸಾಗಿಸುವಾಗ ಪೆಟ್ಟಿಗೆಗಳು ಸಮುದ್ರಕ್ಕೆ ಬಿದ್ದು ತೇಲುತ್ತ ಮಡಗಾಸ್ಕರ್ ದಡ ಸೇರುತ್ತವೆ. ಅಟ್ಲಾಂಟಿಕ್ ದಾಟಿ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಕೀನ್ಯಾಕ್ಕೆ ಹೋಗುವ ಹಡಗಿಗೆ ಆ ದ್ವೀಪ ದಾರಿಯಲ್ಲೇ ಸಿಗುತ್ತದೆ. ಅಲ್ಲಿಗೆ ಬಂದಿಳಿದ ನಾಲ್ವರಿಗೂ ತಮ್ಮಂಥವರು ಯಾರೂ ಕಾಣುವುದಿಲ್ಲ, ಅದು ಸತ್ಯ. ಆಫ್ರಿಕಾದಿಂದ ಹದಿನಾರು ಕೋಟಿ ವರ್ಷಗಳಷ್ಟು ಹಿಂದೆಯೇ ಬೇರ್ಪಟ್ಟ ಆ ನೆಲದಲ್ಲಿ ಸಿಂಹ, ಜೀಬ್ರಾ, ಜಿರಾಫೆಗಳು ಎಂದೂ ಇರಲಿಲ್ಲ. ಇದ್ದದ್ದು ಕೋತಿಗಳ ದೂರದ ಬಂಧುಗಳಾದ, ಬೇರೆಲ್ಲೂ ಇಲ್ಲದ ಲೀಮರ್‌ಗಳು. ಕಾಡಿನ ಹಿನ್ನೆಲೆಯಲ್ಲಿ ದಪ್ಪ ಕಾಂಡದ ಬೇವೊಬಾಬ್ ಮರಗಳನ್ನು ತೋರಿಸಿರುವುದೂ ಸರಿ. ಲೋಕದ ಎಂಟು ಜಾತಿಯ ಬೇವೊಬಾಬ್‌ಗಳಲ್ಲಿ ಆರು ಈ ಒಂದೇ ದ್ವೀಪದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ತೇಲುವ ಪೆಟ್ಟಿಗೆಗಳು. ಮೊದಲ ನೋಟಕ್ಕೆ ಅದು ಇಡೀ ಕಥೆಯಲ್ಲಿ ಅತ್ಯಂತ ಅಸಂಭವವಾದ ಘಟನೆ. ಆದರೆ ಲೀಮರ್‌ಗಳು ಅಲ್ಲಿಗೆ ಹೇಗೆ ಬಂದವು ಎಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಬಹುಮಂದಿ ಕೊಡುವ ಉತ್ತರವೂ ಇದೇ. ದ್ವೀಪ ಬೇರ್ಪಟ್ಟು ಎಷ್ಟೋ ಕಾಲವಾದ ಮೇಲೆ, ಬಿರುಗಾಳಿಗೆ ಕಿತ್ತುಬಂದ ಮರಗಿಡಗಳ ತೆಪ್ಪದ ಮೇಲೆ ಅವುಗಳ ಪೂರ್ವಜರು ಕನಿಷ್ಠ 400 ಕಿಲೋಮೀಟರ್ ಅಗಲದ ಮೊಜಾಂಬಿಕ್ ಕಡಲ್ಗಾಲುವೆಯನ್ನು ದಾಟಿರಬೇಕೆಂದು ಅವರು ಹೇಳುತ್ತಾರೆ. ಇಂದು ಅಲ್ಲಿನ ಪ್ರವಾಹಗಳು ಅದಕ್ಕೆ ಅನುಕೂಲವಾಗಿಲ್ಲ, ಆದರೆ ಆ ಪ್ರಾಚೀನ ಕಾಲದಲ್ಲಿ ಅವು ದ್ವೀಪದ ಕಡೆಗೇ ಹರಿಯುತ್ತಿದ್ದವೆಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ನೀರಾನೆಯ ವಿಷಯವೂ ಸ್ವಾರಸ್ಯಕರವಾಗಿದೆ: ಸುಮಾರು ಒಂದು ಸಾವಿರ ವರ್ಷ ಹಿಂದಿನವರೆಗೆ ಮಡಗಾಸ್ಕರ್‌ನಲ್ಲಿ ಕುಳ್ಳ ನೀರಾನೆಗಳಿದ್ದವು. ನಾಲ್ವರು ಗೆಳೆಯರಲ್ಲಿ ಆ ನೆಲಕ್ಕೆ ತೀರ ಹೊರಗಿನವಳಲ್ಲದವಳು ಅವಳೊಬ್ಬಳೇ.

ದೋಷಗಳಿಲ್ಲವೆಂದಲ್ಲ. ಉಂಗುರಬಾಲದ ಲೀಮರ್‌ಗಳಿಗೆ ಚಿತ್ರ ಒಬ್ಬ ರಾಜನನ್ನು ಕೊಟ್ಟಿದೆ, ನಿಜದಲ್ಲಿ ಆ ಗುಂಪುಗಳಲ್ಲಿ ಮೊದಲ ಹಣ್ಣು, ಮೊದಲ ನೆರಳು ಎಲ್ಲವೂ ಹೆಣ್ಣಿನದು. ಹೆಣ್ಣು ಬಂದರೆ ಗಂಡು ಎದ್ದು ಜಾಗ ಬಿಡಬೇಕು. ಖಳರಾಗಿ ಬರುವ, ಬೆಕ್ಕಿನಂತೆ ಕಾಣುವ ಫೊಸ್ಸಾಗಳು ಅಲ್ಲಿನ ಅತಿದೊಡ್ಡ ಬೇಟೆಗಾರ ಪ್ರಾಣಿ ಎನ್ನುವುದೂ, ಲೀಮರ್‌ಗಳನ್ನು ಹಿಡಿದು ತಿನ್ನುತ್ತವೆ ಎನ್ನುವುದೂ ಸರಿ. ಆದರೆ ಅವು ಹೆಚ್ಚಾಗಿ ಒಂಟಿಯಾಗಿ ತಿರುಗುವ ಪ್ರಾಣಿಗಳು. ಕಾಲಿನ ಹರಡನ್ನು ಹಿಮ್ಮುಖವಾಗಿ ತಿರುಗಿಸಿ, ತಲೆ ಕೆಳಗಾಗಿ ಮರವನ್ನು ಇಳಿಯಬಲ್ಲ ಈ ಸೊಗಸಾದ ಜೀವಿಯನ್ನು ಕಿರುಚುವ ದೊಡ್ಡ ಹಿಂಡನ್ನಾಗಿ ತೋರಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) 2020ರ ಕೆಂಪುಪಟ್ಟಿಯ ಪ್ರಕಾರ 107 ಲೀಮರ್ ಜಾತಿಗಳಲ್ಲಿ 103 ಅಪಾಯದಲ್ಲಿವೆ, ಅವುಗಳ ಕಾಡೇ ಕರಗುತ್ತಿದೆ. ಲೋಕದ ಮಕ್ಕಳಿಗೆಲ್ಲ ಲೀಮರ್ ಎಂಬ ಹೆಸರನ್ನು ಕಲಿಸಿದ ಚಿತ್ರ ಇದು ಎನ್ನುವುದನ್ನು ನಾನು ಹಗುರವಾಗಿ ಎಣಿಸುವುದಿಲ್ಲ.

‘ಕುಂಗ್ ಫು ಪಾಂಡಾ’ದ ಮೊದಲ ಭಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರಾಣಿಗಳು ಬಟ್ಟೆ ತೊಟ್ಟು ಎರಡು ಕಾಲಿನ ಮೇಲೆ ನಡೆಯುವ ಆ ಲೋಕದಲ್ಲೂ ಪಾಂಡಾ, ಕೆಂಪು ಪಾಂಡಾ, ಹಿಮಚಿರತೆಗಳು ಸಿಚುವಾನ್‌ನ ಬೆಟ್ಟಗಳಿಗೆ ಸಲ್ಲುವಂಥವೇ ಆಗಿವೆ. ಸೆರೆಮನೆ ಕಾಯುವ ಘೇಂಡಾಮೃಗಗಳನ್ನು ಕಂಡು ಅನುಮಾನಪಟ್ಟಿದ್ದೆ, ಆದರೆ ಚೀನಾದಲ್ಲೂ ಒಂದು ಕಾಲಕ್ಕೆ ಘೇಂಡಾಮೃಗಗಳಿದ್ದವು. 2002ರ ‘ಐಸ್ ಏಜ್’ ಕೂಡ ಹೀಗೆಯೇ. ಮ್ಯಾಮತ್, ನೆಲದ ಸ್ಲಾತ್, ಕತ್ತಿಹಲ್ಲಿನ ಬೆಕ್ಕು ಈ ಮೂರೂ ಉತ್ತರ ಅಮೆರಿಕದಲ್ಲಿ ಒಂದೇ ಕಾಲದಲ್ಲಿ ಬದುಕಿದ್ದವು. ಮಾರಿಷಸ್ ದ್ವೀಪವೊಂದರಲ್ಲೇ ಇದ್ದು ಹದಿನೇಳನೆಯ ಶತಮಾನದಲ್ಲಿ ಅಳಿದ ಡೋಡೋ ಹಕ್ಕಿಗಳು ಹಿಮಯುಗದ ನಡುವೆ ಬಂದು ನಿಲ್ಲುವುದಷ್ಟೇ ಅಪಸ್ವರ.

ಎಚ್ಚರಿಕೆಯಿಂದ ಕೆಲಸ ಮಾಡಿದ ಚಿತ್ರವೆಂದರೆ 2003ರ ‘ಫೈಂಡಿಂಗ್ ನೀಮೊ’. ಮೀನು ಹೇಗೆ ಈಜುತ್ತದೆ, ಯಾವ ರೆಕ್ಕೆ ಯಾವಾಗ ಬಡಿಯುತ್ತದೆ ಎಂಬುದನ್ನು ಕಲಿಸಲು ಮೀನುಗಳ ಚಲನೆಯನ್ನೇ ಅಧ್ಯಯನ ಮಾಡುವ ವಿಜ್ಞಾನಿ ಆಡಮ್ ಸಮ್ಮರ್ಸ್ ಅವರನ್ನು ಸ್ಟುಡಿಯೋ ಕರೆಸಿಕೊಂಡಿತ್ತು. ಹವಳದ ದಿಬ್ಬದ ದೃಶ್ಯಗಳಲ್ಲಿ ಮೊದಲು ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯನ್ನು ಬರೆಯಲಾಗಿತ್ತು. ಅದು ತಣ್ಣೀರಿನಲ್ಲಿ ಮಾತ್ರ ಬೆಳೆಯುತ್ತದೆಂದು ತಜ್ಞರು ತಿಳಿಸಿದ ಮೇಲೆ ನಿರ್ದೇಶಕ ಆಂಡ್ರೂ ಸ್ಟಾಂಟನ್ ಅದನ್ನು ತೆಗೆಸಿದರು. ಗ್ರೇಟ್ ಬ್ಯಾರಿಯರ್ ರೀಫ್‌ನಿಂದ ಸಿಡ್ನಿಗೆ ಆಮೆಗಳ ಜೊತೆ ತಂದೆ ಮೀನು ಪ್ರಯಾಣ ಮಾಡುವ ಪೂರ್ವ ಆಸ್ಟ್ರೇಲಿಯಾ ಪ್ರವಾಹ ಭೂಪಟದಲ್ಲಿ ಇರುವಂಥದೇ, ಹರಿಯುವುದೂ ದಕ್ಷಿಣಕ್ಕೇ. ಚಿತ್ರದಲ್ಲಿ ಕಾಣುವಂತೆ ಅದು ಕೊಳವೆಯಂತಿಲ್ಲ, ಹತ್ತಾರು ಕಿಲೋಮೀಟರ್ ಅಗಲವಾಗಿ ಹರಿಯುತ್ತದೆ. ಆದರೆ ದಿಕ್ಕು ಸರಿಯಿದೆ, ಊರು ಸರಿಯಿದೆ.

ಅಲ್ಲಿ ಎಡವಿರುವುದು ಜೀವಶಾಸ್ತ್ರದಲ್ಲಿ. ನೀಮೊನ ಜಾತಿಯಾದ ಕ್ಲೌನ್ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸರದಿಗಾಗಿ ಕಾಯುವ ಕಿರಿಯರು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಅಂದರೆ ತಾಯಿಯನ್ನು ಬರಾಕುಡಾ ತಿಂದ ಮೇಲೆ ನೀಮೊನ ತಂದೆ ತಾಯಿಯಾಗಬೇಕಿತ್ತು. ಜೊತೆಗೆ ಮೊಟ್ಟೆಯಿಂದ ಹೊರಬಂದ ಮರಿಗಳು ಮೊದಲ ಕೆಲವು ದಿನ ತೆರೆದ ನೀರಿನಲ್ಲಿ ತೇಲಿಹೋಗುತ್ತವೆ. ಅಪ್ಪನ ಜೊತೆ ಬೆಳೆಯುವುದಿಲ್ಲ. ಹಾಗಿದ್ದರೂ ಈ ಕಥೆಯ ಜೀವಾಳವಾದ ತಂದೆಯ ಅಕ್ಕರೆ ಮಾತ್ರ ಕಟ್ಟುಕಥೆಯಲ್ಲ. ಮೊಟ್ಟೆಗಳ ಮುಂದೆ ನಿಂತು, ಎದೆಯ ರೆಕ್ಕೆಗಳಿಂದ ಬೀಸಿ ಬೀಸಿ ಅವುಗಳಿಗೆ ಹೊಸ ನೀರು ಹಾಯಿಸುವುದು, ಕೊಳೆತ ಮೊಟ್ಟೆಯನ್ನು ಬಾಯಿಂದ ಹೆಕ್ಕಿ ತೆಗೆಯುವುದು ಹೆಚ್ಚಾಗಿ ಗಂಡಿನ ಕೆಲಸವೇ.

ಕೊನೆಯದಾಗಿ 2011ರ ‘ರಿಯೊ’. ಇದರ ಬಗ್ಗೆ ನನ್ನ ಅಭಿಪ್ರಾಯ ಎರಡು ಹೋಳಾಗಿದೆ. ನಿರ್ದೇಶಕ ಕಾರ್ಲೋಸ್ ಸಲ್ದಾನಾ ರಿಯೊ ಡಿ ಜನೈರೊದಲ್ಲೇ ಹುಟ್ಟಿದವರು. ಬೆಟ್ಟದ ಮೇಲಿನ ಕ್ರಿಸ್ತನ ಪ್ರತಿಮೆ, ಕಡಲತೀರ, ಗುಡ್ಡಕ್ಕೆ ಅಂಟಿಕೊಂಡ ಮನೆಗಳು ಎಲ್ಲದರಲ್ಲೂ ಹುಟ್ಟಿದೂರಿನ ಮೇಲಿನ ಪ್ರೀತಿ ಕಾಣುತ್ತದೆ. ಆದರೆ ಕಥಾನಾಯಕ ಸ್ಪಿಕ್ಸ್ ಮಕಾವ್ ಎಂಬ ನೀಲಿ ಗಿಳಿ. ಚಿತ್ರದ ಆರಂಭದಲ್ಲಿ ರಿಯೊ ಪಕ್ಕದ ಹಸಿರು ಕಾಡಿನಿಂದ ಮರಿಯಾಗಿದ್ದಾಗ ಅವನನ್ನು ಹಿಡಿಯುತ್ತಾರೆ. 2014ರ ಎರಡನೆಯ ಭಾಗದಲ್ಲಿ ಅವನ ಬಂಧುಬಳಗ ಅಮೆಜಾನ್ ಮಳೆಕಾಡಿನಲ್ಲಿ ಸಿಗುತ್ತದೆ. ಆ ಗಿಳಿ ಈ ಎರಡೂ ಕಾಡಿನದಲ್ಲ. ಈಶಾನ್ಯ ಬ್ರೆಜಿಲ್‌ನ ಬಾಹಿಯಾ ರಾಜ್ಯದಲ್ಲಿ, ರಿಯೊದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಸಾವೊ ಫ್ರಾನ್ಸಿಸ್ಕೊ ನದಿಯ ಸುತ್ತ ಹರಡಿರುವ ಕಾಟಿಂಗಾ ಎಂಬ ಮುಳ್ಳುಪೊದೆಗಳ ಒಣಕಾಡು ಅದರ ಮನೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಸ್ಪಿಕ್ಸ್ 1819ರಲ್ಲಿ ಅದನ್ನು ಸಂಗ್ರಹಿಸಿದ್ದೂ ಅಲ್ಲಿಯೇ. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಗಳ ದಂಡೆಯಲ್ಲಿ, ಹಳದಿ ಹೂ ಬಿಡುವ ಕರಾಯ್ಬೇರಾ ಮರಗಳ ಪೊಟರೆಗಳಲ್ಲಿ ಅದು ಗೂಡು ಮಾಡುತ್ತಿತ್ತು.

ಈ ತಪ್ಪು ಇರುವೆಯ ತಪ್ಪಿನಂಥದಲ್ಲ. ಮಳೆಕಾಡನ್ನು ಉಳಿಸಬೇಕು ಎನ್ನುವುದು ಇಂದು ಮಕ್ಕಳಿಗೂ ಗೊತ್ತು. ಆ ಬೋಳುಬೋಳಾದ, ಮೇಕೆಗಳು ಮೇಯುವ ಮುಳ್ಳುಕಾಡನ್ನು ಉಳಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಆ ಗಿಳಿ ಅಳಿದದ್ದು ಹಿಡಿದು ಮಾರುವವರಿಂದ ಎಷ್ಟೋ ಅಷ್ಟೇ ಮಟ್ಟಿಗೆ, ಗೂಡಿಗೆ ಮರವಿಲ್ಲದಂತಾದ ಆ ಹಳ್ಳದ ದಂಡೆಗಳಿಂದ. ನಡೆದ ಕಥೆಯಾದರೋ ಚಿತ್ರದ ಕಥೆಗಿಂತ ಮನಸ್ಸನ್ನು ಹೆಚ್ಚು ಕಲಕುವಂಥದು. 1990ರಲ್ಲಿ ಕಾಡಿನಲ್ಲಿ ಉಳಿದಿದ್ದುದು ಒಂದೇ ಒಂದು ಗಂಡು. ತನ್ನ ಜಾತಿಯ ಹೆಣ್ಣು ಸಿಗದೆ ಅದು ನೀಲಿ ರೆಕ್ಕೆಯ ಬೇರೆ ಜಾತಿಯ ಮಕಾವ್ ಹೆಣ್ಣೊಂದರ ಜೊತೆ ಹಾರುತ್ತಿತ್ತು. 1995ರಲ್ಲಿ ಪಂಜರದಲ್ಲಿದ್ದ ಸ್ವಜಾತಿಯ ಹೆಣ್ಣೊಂದನ್ನು ಅದರ ಬಳಿಗೆ ತಂದು ಬಿಟ್ಟರು. ಕೆಲವೇ ವಾರಗಳಲ್ಲಿ ಅವಳು ಕಾಣೆಯಾದಳು. 2000ದಲ್ಲಿ ಆ ಗಂಡೂ ಕಾಣಿಸದಂತಾಯಿತು. ಪಂಜರದಲ್ಲಿ ಬೆಳೆದ ಹಕ್ಕಿಯೊಂದನ್ನು ತನ್ನ ಜಾತಿಯ ಕೊನೆಯ ಸಂಗಾತಿಯ ಬಳಿಗೆ ಒಯ್ಯುವ ಚಿತ್ರದ ಕಥಾವಸ್ತು ಎಷ್ಟೋ ಮಟ್ಟಿಗೆ ಇದೇ ತಾನೆ! ನಡೆದ ಊರಿನ ಹೆಸರನ್ನು ಮಾತ್ರ ಅದು ಬಿಟ್ಟುಬಿಟ್ಟಿತು.

ಆರು ವರ್ಷ ದಾಟಿದ ಮಕ್ಕಳಿಗೆ ‘ರಿಯೊ’ವನ್ನು ನಾನು ಧಾರಾಳವಾಗಿ ತೋರಿಸುತ್ತೇನೆ, ‘ಮಡಗಾಸ್ಕರ್’ ಮತ್ತು ‘ನೀಮೊ’ಗಳನ್ನು ಭೂಪಟದ ಜೊತೆಗೇ ತೋರಿಸುತ್ತೇನೆ, ‘ದಿ ಲಯನ್ ಕಿಂಗ್’ನ ಎರಡು ರೂಪಗಳಲ್ಲಿ ಹಳೆಯದನ್ನೇ ಆರಿಸುತ್ತೇನೆ. 2022ರ ಜೂನ್‌ನಲ್ಲಿ ಬಾಹಿಯಾದ ಕುರಾಸಾ ಎಂಬಲ್ಲಿ, ಯುರೋಪಿನಿಂದ ತಂದ ವಂಶದ ಎಂಟು ಸ್ಪಿಕ್ಸ್ ಮಕಾವ್‌ಗಳನ್ನು ಕಾಟಿಂಗಾ ಕಾಡಿಗೆ ಬಿಡಲಾಯಿತು; ಕಾಡಿನ ದಾರಿ ತೋರಿಸಲೆಂದು ಅವುಗಳ ಜೊತೆಗೆ ನೀಲಿ ರೆಕ್ಕೆಯ ಮಕಾವ್‌ಗಳನ್ನೂ ಬಿಟ್ಟರು. ‘ರಿಯೊ’ಗೆ ಇನ್ನೊಂದು ಭಾಗ ಬರುವುದಾದರೆ ಅದರ ಮೊದಲ ದೃಶ್ಯ ಆ ಒಣ ಹಳ್ಳದ ದಂಡೆಯಲ್ಲಿ, ಹಳದಿ ಹೂವಿನ ಮರದ ಪೊಟರೆಯೊಂದರ ಬಾಯಲ್ಲಿ ತೆರೆದುಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ.